ಇಳಿಜಾರಿನ ನಾಡಿನಲ್ಲಿ ಹಿಮ್ಮಡಿಯ ನೋವು

ಮಲೆನಾಡಿನಲ್ಲಿ ಸಮತಟ್ಟು ನೆಲ ಸಿಗುವುದು ಅಂಗಳದಲ್ಲಿ, ಕಾಫಿ ಒಣಗಿಸುವ ಕಣದಲ್ಲಿ, ಗದ್ದೆಯ ಬಯಲಲ್ಲಿ. ಉಳಿದದ್ದೆಲ್ಲ ಏರು, ಇಲ್ಲವೇ ಇಳಿಜಾರು. ಚಿಕ್ಕಮಗಳೂರು ತಾಲ್ಲೂಕಿನ ವಸ್ತಾರೆ ಹೋಬಳಿಯಿಂದ ಮೂಡಿಗೆರೆ ದಾಟಿ ಕಳಸದ ತನಕ ಹೆಂಗಸರು, ಗಂಡಸರು ಕೂಲಿ ದುಡಿಯುವುದು ಈ ಇಳಿಜಾರಿನ ಮೇಲೆಯೇ. ನವೆಂಬರಿನಿಂದ ಜನವರಿವರೆಗೆ ಅರೇಬಿಕಾ ಕುಯ್ಲು, ಅದರ ಬೆನ್ನಿಗೇ ರೋಬಸ್ಟಾ. ಹಣ್ಣು ಕುಯ್ಯುವವರ ಕೈಯ ವೇಗವನ್ನು ಎಲ್ಲರೂ ನೋಡುತ್ತಾರೆ. ಅವರ ಕಾಲು ಹೇಗೆ ನಿಂತಿದೆ ಎಂಬುದನ್ನು ಯಾರೂ ಗಮನಿಸುವುದಿಲ್ಲ.

ಒಮ್ಮೆ ಗಮನಿಸಿ. ಗಿಡದ ಕೆಳಮಗ್ಗುಲಲ್ಲಿ ನಿಂತು, ಗುಡ್ಡದ ಕಡೆ ಮುಖ ಮಾಡಿ, ಎಡಗೈಯಲ್ಲಿ ರೆಂಬೆಯನ್ನು ಬಗ್ಗಿಸಿ ಹಿಡಿದು ಬಲಗೈಯಲ್ಲಿ ಹಣ್ಣು ಬಿಡಿಸುತ್ತಾರೆ. ಪಾದದ ಮುಂಭಾಗ ಮೇಲಿದೆ, ಹಿಮ್ಮಡಿ ಕೆಳಗಿದೆ. ಮೀನಖಂಡದಿಂದ ಹಿಮ್ಮಡಿಗೆ ಇಳಿಯುವ ದಪ್ಪ ರಜ್ಜು ತುದಿಯವರೆಗೂ ಎಳೆದುಕೊಂಡಿದೆ. ಸೊಂಟಕ್ಕೆ ಕಟ್ಟಿದ ಚೀಲ ಹೊತ್ತು ಹೋದಂತೆ ತೂಗುತ್ತದೆ. ಒಂದು ಗಿಡ ಮುಗಿಯಿತೆಂದು ಪಕ್ಕಕ್ಕೆ ಸರಿದರೆ ಇಬ್ಬನಿಗೆ ನೆನೆದ ತರಗೆಲೆಯ ಮೇಲೆ ಕಾಲು ಜಾರುತ್ತದೆ; ಜಾರುವುದನ್ನು ತಡೆಯುವ ಕೆಲಸವೂ ಅದೇ ರಜ್ಜುವಿನದು. ಆರೋಗ್ಯವಂತರಿಗೂ ಸಂಜೆ ಹೊತ್ತಿಗೆ ಹಿಮ್ಮಡಿ ಸಿಡಿಯುತ್ತದೆ. ರುಮಟಾಯ್ಡ್ ಸಂಧಿವಾತ ಇರುವವರಿಗೆ ಬೆಳಿಗ್ಗೆ ಹಾಸಿಗೆ ಬಿಟ್ಟು ಮೊದಲ ಹೆಜ್ಜೆ ಇಡುವಾಗಲೇ ಕಣ್ಣಲ್ಲಿ ನೀರು ಬರುತ್ತದೆ.

ಸಂಧಿವಾತವೆಂದರೆ ಕೈಬೆರಳು, ಮಣಿಕಟ್ಟು, ಮಂಡಿ ಎಂದೇ ನಮ್ಮೆಲ್ಲರ ತಿಳಿವಳಿಕೆ. ಬೆರಳು ಸೊಟ್ಟಗಾದ ಚಿತ್ರವೇ ಕಣ್ಣಮುಂದೆ ಬರುತ್ತದೆ. ಆದರೆ ಈ ಕಾಯಿಲೆ ಪಾದವನ್ನು ಬಿಡುವುದು ಅಪರೂಪ. ನಗರದ ಮೇಜಿನ ಮುಂದೆ ಕೂರುವವರಿಗಿಂತ ಗುಡ್ಡದ ಮೇಲೆ ಬದುಕುವವರಿಗೆ ಪಾದದ ನೋವು ಹತ್ತು ಪಟ್ಟು ದುಬಾರಿ. ಕಾಲು ನಿಂತರೆ ಕೂಲಿ ನಿಲ್ಲುತ್ತದೆ. ಈ ಬರಹ ಹಿಮ್ಮಡಿಯ ಮೇಲಿನ ಆ ಒಂದು ರಜ್ಜುವಿನ ಬಗ್ಗೆ. ವೈದ್ಯರು ಅದನ್ನು ಅಕಿಲಿಸ್ ಎನ್ನುತ್ತಾರೆ, ನಮ್ಮೂರಲ್ಲಿ ಹಿಮ್ಮಡಿ ನರ ಎನ್ನುತ್ತೇವೆ.

ದೇಹದ ರಜ್ಜುಗಳಲ್ಲೆಲ್ಲ ಅತಿ ದಪ್ಪ, ಅತಿ ಗಟ್ಟಿ ಇದೇ. ಉದ್ದ ಸುಮಾರು 15 ಸೆಂಟಿಮೀಟರ್. ನಡೆಯುವಾಗ ದೇಹತೂಕದ ಮೂರು ಪಟ್ಟಿನ ಆಸುಪಾಸು, ಓಡುವಾಗ ಆರರಿಂದ ಎಂಟು ಪಟ್ಟು ಭಾರ ಇದರ ಮೇಲೆ ಬೀಳುತ್ತದೆ. ಇಷ್ಟು ಬಲವಿದ್ದರೂ ಹಿಮ್ಮಡಿಗೆ ಅಂಟಿಕೊಳ್ಳುವ ಜಾಗದಿಂದ ಎರಡು ಸೆಂಟಿಮೀಟರ್ ಮೇಲಿಂದ ಆರು ಸೆಂಟಿಮೀಟರ್‌ವರೆಗಿನ ಭಾಗಕ್ಕೆ ರಕ್ತ ಪೂರೈಕೆ ಕಡಿಮೆ. ಸವೆದರೆ ಬೇಗ ವಾಸಿಯಾಗದು. ಹರಿದರೆ ಹೆಚ್ಚಾಗಿ ಹರಿಯುವುದೂ ಅಲ್ಲಿಯೇ.

ಸಂಧಿವಾತ ಇಲ್ಲಿಗೆ ಹೇಗೆ ಬರುತ್ತದೆ? ಕೀಲಿನ ಒಳಪದರಕ್ಕೆ ನಮ್ಮದೇ ರೋಗನಿರೋಧಕ ಪಡೆ ತಿರುಗಿ ಬೀಳುವುದು ಈ ಕಾಯಿಲೆಯ ಮೂಲ. ಅಂಥದೇ ಒಳಪದರವಿರುವ ಪುಟ್ಟ ಚೀಲವೊಂದು ರಜ್ಜು ಮತ್ತು ಹಿಮ್ಮಡಿ ಮೂಳೆಯ ನಡುವೆ ಇದೆ. ಒಂದಕ್ಕೊಂದು ಉಜ್ಜದಂತೆ ಕಾಯುವುದು ಅದರ ಕೆಲಸ. ಬರ್ಸಾ ಎಂದು ಅದರ ಹೆಸರು. ಸಂಧಿವಾತ ಕೆರಳಿದಾಗ ಈ ಚೀಲ ಊದಿಕೊಳ್ಳುತ್ತದೆ. ರಜ್ಜುವಿನ ಎರಡೂ ಬದಿಯಲ್ಲಿ ಇರಬೇಕಾದ ತಗ್ಗು ಮುಚ್ಚಿ, ಅಲ್ಲಿ ಮೆತ್ತಗೆ, ಬಿಸಿಯಾಗಿ ಉಬ್ಬು ಕಾಣುತ್ತದೆ. ಕೆಲವರಲ್ಲಿ ರಜ್ಜುವಿನ ಸುತ್ತಲ ಹೊದಿಕೆಯೇ ಉರಿಯೂತಕ್ಕೆ ಸಿಕ್ಕುತ್ತದೆ. ಇನ್ನು ಕೆಲವರಲ್ಲಿ ರಜ್ಜುವಿನೊಳಗೇ ಸಂಧಿವಾತದ ಗಂಟುಗಳು ಕಟ್ಟಿ ಅದನ್ನು ಸೊರಗಿಸುತ್ತವೆ. ಪಾದದ ಕೀಲುಗಳು ವಾಲಿ ಅಂಗಾಲು ಚಪ್ಪಟೆಯಾದವರಲ್ಲಿ ರಜ್ಜು ಓರೆಯಾಗಿ ಎಳೆದುಕೊಂಡು ಸವೆಯುತ್ತದೆ.

ಹೀಗೆ ಒಂದೇ ಹಿಮ್ಮಡಿಯಲ್ಲಿ ಎರಡು ಬಗೆಯ ನೋವು ಕೂಡಿಕೊಂಡಿರುತ್ತವೆ. ಕಾಯಿಲೆ ಕೆರಳಿಸಿದ ನೋವು ಒಂದು, ಇಳಿಜಾರು ಮತ್ತು ಹೊರೆ ತಂದ ನೋವು ಇನ್ನೊಂದು. ಮೊದಲನೆಯದು ರಾತ್ರಿ ಮಲಗಿದ್ದಾಗಲೂ ಮಿಡಿಯುತ್ತದೆ. ಬೆಳಿಗ್ಗೆ ಎದ್ದ ಮೇಲೆ ಗಂಟೆಗಟ್ಟಲೆ ಕಾಲು ಮರಗಟ್ಟಿದಂತಿದ್ದು, ಓಡಾಡಿದ ಮೇಲೆ ಸಡಿಲವಾಗುತ್ತದೆ. ಕೈಬೆರಳೂ ಅದೇ ದಿನ ಊದಿರುತ್ತದೆ. ಎರಡನೆಯದು ಕೆಲಸಕ್ಕೆ ತಕ್ಕಂತೆ ಏರಿಳಿಯುತ್ತದೆ. ಭಾನುವಾರ ಕಡಿಮೆ, ಏರು ಹತ್ತಿದ ಮರುದಿನ ಜಾಸ್ತಿ. ಮೊದಲನೆಯದಕ್ಕೆ ಔಷಧ ಬೇಕು, ಎರಡನೆಯದಕ್ಕೆ ಹೊರೆಯ ಲೆಕ್ಕಾಚಾರ, ವ್ಯಾಯಾಮ ಬೇಕು. ಕೆರಳಿದ ರಜ್ಜುವಿಗೆ ವ್ಯಾಯಾಮ ಹೇರಿದರೂ, ಸವೆದ ರಜ್ಜುವಿಗೆ ಮಾತ್ರೆಯನ್ನಷ್ಟೇ ಕೊಟ್ಟರೂ ಗುಣ ಕಾಣುವುದಿಲ್ಲ. ಎಷ್ಟೋ ಜನ ವರ್ಷಗಟ್ಟಲೆ ಒದ್ದಾಡುವುದು ಈ ಅದಲುಬದಲಿನಿಂದಲೇ ಎಂಬುದು ನನ್ನ ದೃಢ ಅಭಿಪ್ರಾಯ.

ಇಲ್ಲಿ ಆಸ್ಪತ್ರೆಯ ಕೊಠಡಿಯೊಳಗಿನ ಒಂದು ಸಂಗತಿ ಹೇಳಬೇಕು. ಸಂಧಿವಾತ ಎಷ್ಟು ಹತೋಟಿಯಲ್ಲಿದೆ ಎಂದು ಅಳೆಯಲು ಜಗತ್ತಿನಾದ್ಯಂತ ವೈದ್ಯರು ಬಳಸುವ ಅಳತೆಗೋಲು 28 ಕೀಲುಗಳದು. ಎರಡು ಭುಜ, ಎರಡು ಮೊಣಕೈ, ಎರಡು ಮಣಿಕಟ್ಟು, ಕೈಗಳ ಇಪ್ಪತ್ತು ಬೆರಳಗಂಟು, ಎರಡು ಮಂಡಿ. 1995ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ರೂಪಿಸಿದ ಈ ಅಳತೆ ಬೇಗ ಮುಗಿಯುತ್ತದೆ, ಅನುಕೂಲಕರ, ಬಹುಪಾಲು ನಂಬಲರ್ಹ. ಆದರೆ ಇದರಲ್ಲಿ ಕಣಕಾಲು ಇಲ್ಲ, ಪಾದ ಇಲ್ಲ, ಹಿಮ್ಮಡಿ ಇಲ್ಲ. ಕೈ ತಿಳಿಯಾಗಿದ್ದು ಪಾದ ಉರಿಯುತ್ತಿದ್ದರೆ ಕಾಗದದ ಮೇಲೆ ಕಾಯಿಲೆ ಶಮನವಾಗಿದೆ ಎಂದೇ ಬರುತ್ತದೆ. ಹೊರಗೆ ನೂರು ಜನ ಕಾದಿರುವಾಗ ವೈದ್ಯರು ಮೇಜಿನ ಮೇಲೆ ಚಾಚಿದ ಕೈ ನೋಡಿ ಚೀಟಿ ಬರೆಯುವುದು ಸಹಜ. ನಮ್ಮ ಹೆಂಗಸರೋ, ಕೆಸರು ಕಾಲು, ಒಡೆದ ಹಿಮ್ಮಡಿ ತೋರಿಸಲು ಸಂಕೋಚಪಟ್ಟು ಸೀರೆಯ ಅಂಚನ್ನು ಇನ್ನಷ್ಟು ಕೆಳಗೆ ಎಳೆದುಕೊಳ್ಳುತ್ತಾರೆ. ದಯವಿಟ್ಟು ತೋರಿಸಿ. ಚಪ್ಪಲಿ ಬಿಟ್ಟು, ಬೆನ್ನು ಮೇಲಾಗಿ ಮಲಗಿ, ಪಾದ ಮಂಚದ ಅಂಚಿನಿಂದ ಆಚೆ ಇರುವಂತೆ ಚಾಚಿದರೆ ವೈದ್ಯರು ಎರಡು ಹಿಮ್ಮಡಿಯನ್ನೂ ಹೋಲಿಸಿ ನೋಡಬಹುದು. ರಜ್ಜುವಿನ ಉದ್ದಕ್ಕೂ ಹೆಬ್ಬೆರಳು, ತೋರುಬೆರಳಿನಿಂದ ಹಿಸುಕುತ್ತಾ ಬಂದರೆ ನೋವು ಮಧ್ಯದಲ್ಲಿದೆಯೋ, ಮೂಳೆಗೆ ಅಂಟುವ ಕಡೆ ಇದೆಯೋ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಮುಂದಿನ ಉಪಾಯಗಳು ಬಹಳಷ್ಟು ಈ ಒಂದು ಉತ್ತರದ ಮೇಲೆ ನಿಂತಿವೆ. ಅನುಮಾನ ಉಳಿದರೆ ಅಲ್ಟ್ರಾಸೌಂಡ್ ಇದೆ. ಎಕ್ಸ್‌ರೇಯಲ್ಲಿ ಕಾಣದ ಊತ, ರಕ್ತಸಂಚಾರ ಅದರಲ್ಲಿ ಕಾಣುತ್ತದೆ.

ಹಿಮ್ಮಡಿ ನೋವೆಲ್ಲ ರುಮಟಾಯ್ಡ್ ಸಂಧಿವಾತವೂ ಅಲ್ಲ. ಮೂವತ್ತರೊಳಗಿನ ಹುಡುಗ ಬೆಳಗಿನ ಜಾವ ಸೊಂಟ ಹಿಡಿದುಕೊಂಡು ಏಳುತ್ತಾನೆ, ಹಿಮ್ಮಡಿಯೂ ನೋಯುತ್ತದೆ ಎಂದರೆ ಬೆನ್ನುಮೂಳೆಯ ಸಂಧಿವಾತವಾದ ಆಂಕಿಲೋಸಿಂಗ್ ಸ್ಪಾಂಡಿಲೈಟಿಸನ್ನು ನೆನೆಯಬೇಕು; ರಜ್ಜು ಮೂಳೆಗೆ ಅಂಟುವ ಜಾಗವೇ ಆ ಕಾಯಿಲೆಯ ಮೊದಲ ಗುರಿ. ತಲೆಯಲ್ಲೋ ಮೊಣಕೈಯಲ್ಲೋ ಸೋರಿಯಾಸಿಸ್ ಇದ್ದವರಲ್ಲೂ ಹೀಗೇ. ಎರಡೂ ರಜ್ಜು ನೋವಿಲ್ಲದೆ ದಪ್ಪವಾಗಿದ್ದರೆ ವಂಶದಲ್ಲಿ ಬಂದ ಅತಿ ಕೊಲೆಸ್ಟ್ರಾಲ್ ಇರಬಹುದು. 2006ರಲ್ಲಿ ಚಿಕುನ್‌ಗುನ್ಯಾ ಕರ್ನಾಟಕದ ಜಿಲ್ಲೆ ಜಿಲ್ಲೆಗಳನ್ನು ಹಣಿದಾಗ ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಕೈಕಾಲು ಹಿಡಿದುಕೊಂಡವರು ಊರೂರಲ್ಲಿ ಇದ್ದರು. ಅದು ಥೇಟ್ ಸಂಧಿವಾತದಂತೆಯೇ ಕಾಣುತ್ತದೆ. ಇದೇ ಮಲೆನಾಡಿನಲ್ಲಿ ಇನ್ನೊಂದು ಕಥೆಯೂ ಇದೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆ ಸೊಂಟದ ಕೀಲನ್ನು ತಿಂದು, ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಬಡ ದಲಿತ ಕುಟುಂಬಗಳನ್ನು ತಲೆಮಾರುಗಳಿಂದ ಕಾಡಿದೆ. ಅದು ವಂಶವಾಹಿಯ ಮೂಳೆ ದೋಷ, ಸಂಧಿವಾತವಲ್ಲ. ಕೀಲು ನೋವು ಎಂಬ ಒಂದೇ ದೂರಿನ ಹಿಂದೆ ಇಷ್ಟು ದಾರಿಗಳಿರುವುದರಿಂದ ಆಂಟಿ ಸಿಸಿಪಿ, ರುಮಟಾಯ್ಡ್ ಫ್ಯಾಕ್ಟರ್ ರಕ್ತ ಪರೀಕ್ಷೆಗಳೂ ಕೀಲುತಜ್ಞರ ಕಣ್ಣೂ ಒಮ್ಮೆಯಾದರೂ ಬೇಕು. ದೆಹಲಿ ಸಮೀಪದ ಹಳ್ಳಿಗಳಲ್ಲಿ ನಡೆದು 1993ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 0.75ರಷ್ಟು ಮಂದಿಗೆ ರುಮಟಾಯ್ಡ್ ಸಂಧಿವಾತವಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಹಣ್ಣು ಕುಯ್ಯುವ ಸಾಲಿನಲ್ಲಿ ಹೆಚ್ಚಿಗೆ ನಿಂತವರೂ ಹೆಂಗಸರೇ.

ಈಗ ಅಪಾಯದ ಮಾತು.

ಪೇಟೆಗೆ ಹೋಗಿ ಒಂದು ಇಂಜೆಕ್ಷನ್ ಹಾಕಿಸಿಕೊಂಡರೆ ಹದಿನೈದು ದಿನ ಹಾರಾಡಿಕೊಂಡು ಕೆಲಸ ಮಾಡಬಹುದು ಎಂಬ ಮಾತು ಲೈನ್ ಮನೆಗಳಲ್ಲಿ ಸಾಮಾನ್ಯ. ಆ ಸೂಜಿಯಲ್ಲಿ ಇರುವುದು ಬಹುಮಟ್ಟಿಗೆ ಸ್ಟೀರಾಯ್ಡ್. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಯುವತಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಾಗ ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. 1950ರಲ್ಲಿ ಹೆಂಚ್ ಮತ್ತು ಸಂಗಡಿಗರಿಗೆ ನೊಬೆಲ್ ಬಂತು. ಮೂಳೆ ಟೊಳ್ಳಾಗುವುದು, ಸಕ್ಕರೆ ಏರುವುದು, ಮುಖ ಊದುವುದು, ಸೋಂಕು ಹತ್ತುವುದೆಲ್ಲ ಗೊತ್ತಾದದ್ದು ಆಮೇಲೆ. ಇಂದಿಗೂ ತಜ್ಞರು ಕಡಿಮೆ ಪ್ರಮಾಣದಲ್ಲಿ, ಬೇರೆ ಔಷಧ ಹಿಡಿತಕ್ಕೆ ಬರುವ ತನಕ ಸ್ಟೀರಾಯ್ಡ್ ಕೊಡುತ್ತಾರೆ, ಅದು ಸರಿಯಾದ ಬಳಕೆ. ಹೆಸರು ಹೇಳದೆ, ಚೀಟಿ ಬರೆಯದೆ ತಿಂಗಳು ತಿಂಗಳು ಚುಚ್ಚುವುದು ಅಪರಾಧ ಎಂದೇ ನಾನು ಹೇಳುತ್ತೇನೆ. ಅಕಿಲಿಸ್ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ರಜ್ಜುವಿನೊಳಕ್ಕೆ ಸ್ಟೀರಾಯ್ಡ್ ಚುಚ್ಚಿದರೆ ನೋವು ಹೋಗುತ್ತದೆ, ಜೊತೆಗೆ ರಜ್ಜು ದುರ್ಬಲವಾಗುತ್ತದೆ. ನೋವಿಲ್ಲವೆಂದು ಏರು ಹತ್ತಿದ ದಿನ ಹರಿಯಬಹುದು. ನೋವಿನ ಜಾಗಕ್ಕೇ ಹಾಕಿಬಿಡಿ ಎಂದು ಯಾರನ್ನೂ ಒತ್ತಾಯಿಸಬೇಡಿ. ಊದಿದ ಬರ್ಸಾಕ್ಕೆ ಹಾಕಲೇಬೇಕಾದಾಗ ತಜ್ಞರು ಅಲ್ಟ್ರಾಸೌಂಡಿನಲ್ಲಿ ಸೂಜಿಯ ತುದಿ ನೋಡಿಕೊಂಡೇ ಹಾಕುತ್ತಾರೆ. ಬಹಳ ದಿನದಿಂದ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವವರು ಇದನ್ನು ಓದಿ ಗಾಬರಿಯಾಗಿ ಒಮ್ಮೆಲೇ ನಿಲ್ಲಿಸಲೂ ಬಾರದು, ಅದು ಜೀವಕ್ಕೇ ಕುತ್ತಾಗಬಹುದು. ವೈದ್ಯರೇ ಇಳಿಸುತ್ತಾ ಬರಬೇಕು.

ಇನ್ನೊಂದು ಅಪಾಯ ಮೆಡಿಕಲ್ ಶಾಪಿನ ಕಪಾಟಿನಲ್ಲಿದೆ, ಅದರ ಸುದ್ದಿ ಹೆಚ್ಚಿನವರಿಗೆ ಮುಟ್ಟಿಲ್ಲ. ಭೇದಿ, ಮೂತ್ರದ ಉರಿ, ಎದೆಯ ಕಫ ಎಂದರೆ ಕೈಗೆ ಸಿಗುವ ಸಿಪ್ರೋಫ್ಲಾಕ್ಸಾಸಿನ್, ಓಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್ ಗುಂಪಿನ ಆಂಟಿಬಯೋಟಿಕ್‌ಗಳು ರಜ್ಜುಗಳನ್ನು ಕೆರಳಿಸಬಲ್ಲವು, ಹರಿಯಿಸಬಲ್ಲವು. ಅದರಲ್ಲೂ ಹೆಚ್ಚಾಗಿ ಅಕಿಲಿಸ್. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಇವುಗಳ ಮಾಹಿತಿಪತ್ರದಲ್ಲಿ ಅತಿ ಗಂಭೀರ ಎಚ್ಚರಿಕೆ ಹಾಕಿಸಿತು. ಅರವತ್ತು ದಾಟಿದವರು, ಸ್ಟೀರಾಯ್ಡ್ ತೆಗೆದುಕೊಳ್ಳುವವರು, ಮೊದಲೇ ಸಂಧಿವಾತ ಇರುವವರು ಅಪಾಯದ ಪಟ್ಟಿಯಲ್ಲಿದ್ದಾರೆ. ಒಬ್ಬರೇ ಆ ಮೂರೂ ಆಗಿರುವುದು ನಮ್ಮಲ್ಲಿ ಅಪರೂಪವೇನಲ್ಲ. ಯಾವ ಕಾಯಿಲೆಗೆ ಹೋದರೂ ನನಗೆ ಸಂಧಿವಾತವಿದೆ, ಹಿಮ್ಮಡಿ ನೋವಿದೆ ಎಂದು ಮೊದಲೇ ಹೇಳಿದರೆ ಬೇರೆ ಆಂಟಿಬಯೋಟಿಕ್ ಆರಿಸಲು ವೈದ್ಯರಿಗೆ ದಾರಿಯಿರುತ್ತದೆ.

ರಜ್ಜು ಹರಿದರೆ ಗುರುತಿಸುವುದು ಕಷ್ಟವಲ್ಲ. ಯಾರೋ ಹಿಂದಿನಿಂದ ಒದ್ದಂತಾಗಿ ತಿರುಗಿ ನೋಡಿದರೆ ಯಾರೂ ಇರುವುದಿಲ್ಲ. ಕೆಲವರಿಗೆ ಪಟ್ಟೆಂದು ಸದ್ದೂ ಕೇಳಿಸುತ್ತದೆ. ಆ ಕಾಲಿನ ತುದಿಬೆರಳ ಮೇಲೆ ನಿಲ್ಲಲಾಗದು. ಬೋರಲು ಮಲಗಿಸಿ ಮೀನಖಂಡ ಹಿಸುಕಿದರೆ ಪಾದ ತಾನಾಗಿ ಕೆಳಕ್ಕೆ ಬಾಗಬೇಕು, ಬಾಗದಿದ್ದರೆ ರಜ್ಜು ತುಂಡಾಗಿದೆ ಎಂದೇ ತಿಳಿದು ಅದೇ ದಿನ ಆಸ್ಪತ್ರೆ ಸೇರಬೇಕು. ಉಳುಕು ತೆಗೆಯುವವರ ಹತ್ತಿರ ಎಳೆಸಿಕೊಂಡು ವಾರ ಕಳೆದರೆ ತುಂಡುಗಳು ದೂರ ಸರಿದು ಕೂಡಿಸುವುದು ಕಷ್ಟವಾಗುತ್ತದೆ.

ಕಾಯಿಲೆಯ ಬೇರಿಗೇ ಹೋಗುವ ಔಷಧಗಳಲ್ಲಿ ಇಂದಿಗೂ ಮೊದಲ ಸ್ಥಾನ ಮೆಥೊಟ್ರೆಕ್ಸೇಟ್‌ಗೆ. ಇದರ ಹಿಂದೆ ಭೀಮಾವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಇದ್ದಾರೆ ಎಂಬುದನ್ನು ಪ್ರತಿ ಸಂಧಿವಾತಿಯೂ ತಿಳಿದಿರಬೇಕು ಅನ್ನಿಸುತ್ತದೆ. ಲೆಡರ್ಲಿ ಪ್ರಯೋಗಾಲಯದಲ್ಲಿ ಅವರು ಮುನ್ನಡೆಸಿದ ತಂಡವೇ ಮೊದಲು ಫೋಲಿಕ್ ಆಮ್ಲವನ್ನು ತಯಾರಿಸಿತು, ಅದಕ್ಕೆ ಎದುರಾಗಿ ಕೆಲಸ ಮಾಡುವ ಮೆಥೊಟ್ರೆಕ್ಸೇಟನ್ನೂ ತಯಾರಿಸಿತು. ರಕ್ತದ ಕ್ಯಾನ್ಸರಿಗೆಂದು ಬಂದ ಔಷಧ ಅತಿ ಸಣ್ಣ ಪ್ರಮಾಣದಲ್ಲಿ ಸಂಧಿವಾತವನ್ನು ತಣಿಸುತ್ತದೆ ಎಂಬುದು ನಂತರ ಸಾಬೀತಾಗಿ 1988ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಸುಬ್ಬರಾವ್ 1948ರಲ್ಲೇ ತೀರಿಕೊಂಡಿದ್ದರು. ಇಂದು ನಮ್ಮ ರೋಗಿಗಳು ಮೆಥೊಟ್ರೆಕ್ಸೇಟ್ ನುಂಗಿ, ಅದರ ಉಪದ್ರವ ತಗ್ಗಿಸಲು ಬೇರೆ ದಿನ ಫೋಲಿಕ್ ಆಮ್ಲದ ಮಾತ್ರೆ ನುಂಗುತ್ತಾರೆ. ಎರಡೂ ಅವರ ತಂಡದ ಕೊಡುಗೆ.

ಇದು ವಾರಕ್ಕೊಂದೇ ದಿನದ ಮಾತ್ರೆ. ದಿನಾ ನುಂಗಿದರೆ ರಕ್ತಕಣಗಳು ಕುಸಿದು ಸಾವು ಬರಬಹುದು, ಬಂದಿದೆ. ಹೋಬಳಿಯ ಸಂತೆ ದಿನವನ್ನೇ ಮಾತ್ರೆಯ ದಿನವೆಂದು ಗೊತ್ತು ಮಾಡಿಕೊಂಡರೆ ಓದು ಬಾರದ ಅಜ್ಜಿಗೂ ಮರೆಯುವುದಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಯಕೃತ್ತು, ರಕ್ತಕಣಗಳ ಪರೀಕ್ಷೆ ಬೇಕು. ಮದ್ಯ ಕೂಡದು. ಮಗು ಬಯಸುವವರು ಮೊದಲೇ ವೈದ್ಯರಿಗೆ ಹೇಳಲೇಬೇಕು, ಗರ್ಭಕ್ಕೆ ಇದು ವಿಷ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. ಎರಡು ವಾರಕ್ಕೇ ಏನೂ ಆಗಲಿಲ್ಲವೆಂದು ಬಿಟ್ಟು ಮತ್ತೆ ಸೂಜಿಯ ಹಿಂದೆ ಹೋಗುವುದೇ ದೊಡ್ಡ ಸೋಲು.

ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧದ ಮೇಲಿರುವವರಿಗೆ ಮಲೆನಾಡಿನ ಮಳೆಗಾಲ ಬೇರೆ ಲೆಕ್ಕ. ಇಂಬಳ ಕಚ್ಚಿದ ಗಾಯ, ಒಡೆದ ಹಿಮ್ಮಡಿ, ಗಮ್‌ಬೂಟಿನೊಳಗೆ ನೆನೆದು ಬಿಳಿಚಿದ ಬೆರಳಸಂದಿ, ಎಲ್ಲವೂ ಸೋಂಕಿಗೆ ಬಾಗಿಲು. ಗದ್ದೆ ನೀರಿನಲ್ಲಿ ಇಲಿಜ್ವರದ ಭಯವೂ ಇದೆ. ಸಂಜೆ ಕಾಲು ತೊಳೆದು ಒರೆಸಿ, ಹಿಮ್ಮಡಿಗೆ ಎಣ್ಣೆಯೋ ವ್ಯಾಸಲೀನೋ ಹಚ್ಚುವುದು ಚಿಕಿತ್ಸೆಯ ಭಾಗವೇ. ಜ್ವರ ಬಂದರೆ ಆ ವಾರದ ಮಾತ್ರೆ ನುಂಗಬೇಕೋ ಬೇಡವೋ ಎಂದು ಫೋನಿನಲ್ಲಾದರೂ ಕೇಳಬೇಕು. ಮಾತ್ರೆಯ ದಾಸ್ತಾನೂ ಮುಖ್ಯ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿ ಕುಸಿದು ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುವ ಆ ದಾರಿ ವಾರಗಟ್ಟಲೆ ಕಡಿದುಹೋಗಿತ್ತು. ಮರುವರ್ಷ ಕೋವಿಡ್ ಬಂದಾಗ ಸಂಧಿವಾತದವರ ನಿತ್ಯದ ಹೈಡ್ರಾಕ್ಸಿಕ್ಲೋರೊಕ್ವಿನ್ ಅಂಗಡಿಗಳಿಂದ ಮಾಯವಾಯಿತು. ಮಳೆಗಾಲಕ್ಕೆ ಸೌದೆ, ಹಪ್ಪಳ, ಉಪ್ಪಿನಕಾಯಿ ಕೂಡಿಡುವ ಮನೆಯಲ್ಲಿ ವೈದ್ಯರ ಚೀಟಿಯಂತೆ ಮೂರು ತಿಂಗಳ ಮಾತ್ರೆಯೂ ಇರಲಿ.

ಇನ್ನು ದಿನನಿತ್ಯದ ಸಂಗತಿ. ಹಿಮ್ಮಡಿಯನ್ನು ಪಾದದ ಮುಂಭಾಗಕ್ಕಿಂತ ಒಂದೂಕಾಲು ಸೆಂಟಿಮೀಟರಿನಷ್ಟು ಎತ್ತರಿಸಿದರೆ ರಜ್ಜುವಿನ ಎಳೆತ ತಗ್ಗುತ್ತದೆ, ಬರ್ಸಾ ಹಿಂಡಿಸಿಕೊಳ್ಳುವುದು ನಿಲ್ಲುತ್ತದೆ. ಮೆತ್ತನೆಯ ಎಂಸಿಆರ್ ರಬ್ಬರು ಇದಕ್ಕೆ ಹೇಳಿ ಮಾಡಿಸಿದ್ದು. ಕುಷ್ಠರೋಗಿಗಳ ಪಾದ ಉಳಿಸಲು ದಕ್ಷಿಣ ಭಾರತದ ಆಸ್ಪತ್ರೆಗಳು ಬಳಕೆಗೆ ತಂದ ರಬ್ಬರದು. ಚಪ್ಪಲಿ ಹೊಲಿಯುವವರು ಹಿಮ್ಮಡಿಯ ಅಳತೆಗೆ ಕತ್ತರಿಸಿ ಇಳಿಜಾರಾಗಿ ಕೆರೆದು ಕೊಡುತ್ತಾರೆ. ಒಂದು ಕಾಲು ಮಾತ್ರ ನೋಯುತ್ತಿದ್ದರೂ ಎರಡಕ್ಕೂ ಹಾಕಬೇಕು, ಇಲ್ಲದಿದ್ದರೆ ಸೊಂಟ ವಾಲುತ್ತದೆ. ಹವಾಯಿ ಚಪ್ಪಲಿ ಈ ನೋವಿಗೆ ಅತಿ ಕೆಟ್ಟದ್ದು: ಅಂಗಾಲು ಚಪ್ಪಟೆ, ಹಿಂದೆ ಹಿಡಿತವಿಲ್ಲ, ಬೆರಳಿನಲ್ಲಿ ಕಚ್ಚಿ ಹಿಡಿದೇ ನಡೆಯಬೇಕು. ಗಮ್‌ಬೂಟಿಲ್ಲದೆ ಮಳೆಗಾಲದ ತೋಟಕ್ಕೆ ಇಳಿಯಲಾಗದು, ಒಪ್ಪುತ್ತೇನೆ. ಆದರೆ ಅದರೊಳಗೆ ಹಿಮ್ಮಡಿ ಮೇಲೆ ಕೆಳಗೆ ಜಾರುತ್ತಾ ರಜ್ಜುವನ್ನು ಉಜ್ಜುತ್ತದೆ. ದಪ್ಪ ಕಾಲುಚೀಲ, ಒಳಗೊಂದು ಹಿಮ್ಮಡಿ ಮೆತ್ತೆ, ಅಳತೆಗೆ ಸರಿಯಾದ ಬೂಟು, ಈ ಮೂರರಿಂದ ಬಹಳ ವ್ಯತ್ಯಾಸ ಆಗುತ್ತದೆ. ಮನೆಯೊಳಗೂ, ಅದರಲ್ಲೂ ರೆಡಾಕ್ಸೈಡ್ ನೆಲದ ಮೇಲೆ, ಬರಿಗಾಲು ಬೇಡ.

ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯುವಾಗ ರಜ್ಜು ಮೂಳೆಯ ಮೇಲೆ ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಮೂಳೆಗೆ ಅಂಟುವ ಜಾಗದಲ್ಲಿ ನೋವಿದ್ದವರಿಗೆ ಗಿಡ್ಡ ಮಣೆಯ ಮೇಲೆ ಕಾಲು ಚಾಚಿ ಕೂರುವುದು ಮೇಲು. ಶೌಚಕ್ಕೆ ಕುರ್ಚಿಯಂಥ ಕಮೋಡ್ ಇಟ್ಟುಕೊಳ್ಳಲು ನಾಚಿಕೆ ಬೇಡ. ಏರನ್ನು ನೇರ ಹತ್ತಬಾರದು. ಹಳೆಯ ತೋಟಗಳಲ್ಲಿ ಹಿರಿಯರು ಹಾವಿನಂತೆ ಬಳಸಿ ಮಾಡಿದ ಕಾಲುದಾರಿಯೇ ರಜ್ಜುವಿಗೆ ಹಿತ. ದೀಪಾವಳಿಯಲ್ಲಿ ದೇವೀರಮ್ಮನ ಬೆಟ್ಟ ಹತ್ತುವ ಹರಕೆ ಹೊತ್ತವರಿದ್ದಾರೆ. ರಾತ್ರಿಯಿಡೀ ಬರಿಗಾಲಲ್ಲಿ ಆ ಕಡಿದಾದ ಏರು, ಜಾರುವ ಮಣ್ಣು ಕೆರಳಿದ ಅಕಿಲಿಸ್‌ಗೆ ಆಗದು. ಬೆಟ್ಟದ ತಪ್ಪಲಿನ ಬಿಂಡಿಗದ ಗುಡಿಯಲ್ಲೇ ಕೈ ಮುಗಿದು ಹರಕೆ ಒಪ್ಪಿಸಿದರೆ ದೇವೀರಮ್ಮ ಮುನಿಯುವುದಿಲ್ಲ ಎಂಬ ನಂಬಿಕೆ ನನಗಿದೆ.

ಮನೆಮದ್ದಿನ ಬಗ್ಗೆ ಜರೆಯುವ ಉದ್ದೇಶವಿಲ್ಲ. ಲಕ್ಕಿ ಸೊಪ್ಪು ಕುದಿಸಿದ ಬಿಸಿನೀರಿನಲ್ಲಿ ಕಾಲಿಟ್ಟು ಕೂತರೆ ಬೆಳಗಿನ ಬಿಗಿತ ಸಡಿಲವಾಗುವುದು ನಿಜ. ಚಳಿಗಾಲದಲ್ಲಿ ಕೆಲಸದ ಹಾಜರಿಗೆ ಮುಂಚೆ ಹತ್ತು ನಿಮಿಷ ಇದಕ್ಕೆ ಕೊಡಬಹುದು. ಊದಿ ಕೆಂಪಾಗಿ ಬಿಸಿಯಾಗಿದ್ದರೆ ಮಾತ್ರ ಶಾಖ ಬೇಡ, ತಣ್ಣೀರ ಬಟ್ಟೆಯೇ ಸರಿ. ಕಾಯಿಸಿದ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಹಾಸಿ ಹಿಮ್ಮಡಿ ಒತ್ತುವ ಪದ್ಧತಿ ಎಲ್ಲ ಕಡೆ ಇದೆ. ಎಕ್ಕದ ಹಾಲು ಚರ್ಮ ಸುಡುತ್ತದೆ, ಇಟ್ಟಿಗೆಯ ಕಾವು ಅಂದಾಜಿಗೆ ಸಿಗುವುದಿಲ್ಲ. ಮೆಥೊಟ್ರೆಕ್ಸೇಟ್ ಮೇಲಿರುವವರ ಹಿಮ್ಮಡಿಯಲ್ಲಿ ಎದ್ದ ಬೊಕ್ಕೆ ವಾರಗಟ್ಟಲೆ ಮಾಯುವುದಿಲ್ಲ. ಇದನ್ನು ಬಿಡಿ ಎಂದು ಬೇಡಿಕೊಳ್ಳುತ್ತೇನೆ. ಬೀಡಿಯನ್ನೂ ಬಿಡಿ, ಹೊಗೆ ಸಂಧಿವಾತವನ್ನು ಕೆರಳಿಸುತ್ತದೆ ಎಂಬುದರಲ್ಲಿ ಸಂಶಯ ಉಳಿದಿಲ್ಲ.

ಔಷಧ ಹಿಡಿತಕ್ಕೆ ಬಂದು ಊತ ಇಳಿದ ಮೇಲೆ ರಜ್ಜುವನ್ನು ಮತ್ತೆ ಗಟ್ಟಿ ಮಾಡಬೇಕು. ಸುಮ್ಮನೆ ಬಿಟ್ಟರೆ ಮೀನಖಂಡ ಸೊರಗಿ ನೋವು ಮರಳುತ್ತದೆ. ಸ್ವೀಡನ್ನಿನ ಹೊಕನ್ ಆಲ್ಫ್ರೆಡ್‌ಸನ್ 1998ರಲ್ಲಿ ಪ್ರಕಟಿಸಿದ ವ್ಯಾಯಾಮ ಈ ಕ್ಷೇತ್ರವನ್ನೇ ಬದಲಿಸಿತು. ಶಸ್ತ್ರಚಿಕಿತ್ಸೆಗೆ ಕಾದಿದ್ದ 15 ಓಟಗಾರರು 12 ವಾರ ಇದನ್ನು ಮಾಡಿ ಮತ್ತೆ ಓಡಿದರು. ಇದಕ್ಕೆ ಮನೆಯ ಜಗುಲಿ ಮೆಟ್ಟಿಲು ಸಾಕು. ಪಾದದ ಮುಂಭಾಗ ಮಾತ್ರ ಮೆಟ್ಟಿಲ ಮೇಲಿಟ್ಟು, ಕಂಬ ಹಿಡಿದು ಎರಡೂ ಕಾಲಿನಿಂದ ಮೇಲೇಳುವುದು. ಆಮೇಲೆ ನೋವಿರುವ ಕಾಲಿನ ಮೇಲೆ ಭಾರ ಹಾಕಿ ಹಿಮ್ಮಡಿಯನ್ನು ನಿಧಾನವಾಗಿ ಮೆಟ್ಟಿಲಿಗಿಂತ ಕೆಳಕ್ಕೆ ಇಳಿಸುವುದು. ಹದಿನೈದರಂತೆ ಮೂರು ಸಲ, ಮಂಡಿ ನೆಟ್ಟಗಿಟ್ಟು ಒಮ್ಮೆ, ಬಾಗಿಸಿ ಒಮ್ಮೆ, ದಿನಕ್ಕೆರಡು ಹೊತ್ತು.

ಆದರೆ ಅವರು ಓಟಗಾರರು, ಸಂಧಿವಾತಿಗಳಲ್ಲ. ಅವರ ಲೆಕ್ಕವನ್ನು ಹಾಗೆಯೇ ನಮ್ಮ ಹೆಂಗಸರ ಮೇಲೆ ಹೇರಬಾರದು. ನೆಲದ ಮೇಲೇ ನಿಂತು, ಎರಡೂ ಕಾಲಿನಲ್ಲಿ, ಎಂಟೋ ಹತ್ತೋ ಸಲದಿಂದ ಶುರು ಮಾಡಿ ವಾರ ವಾರ ಏರಿಸುವುದು ಸರಿಯಾದ ದಾರಿ. ನೋವು ಹಿಮ್ಮಡಿ ಮೂಳೆಯ ಬುಡದಲ್ಲಿದ್ದರೆ ಹಿಮ್ಮಡಿಯನ್ನು ನೆಲಮಟ್ಟಕ್ಕಿಂತ ಕೆಳಗಿಳಿಸಲೇಬಾರದು. ಮಾಡುವಾಗ ಸ್ವಲ್ಪ ನೋಯುವುದು ತಪ್ಪಲ್ಲ. ಮರುದಿನ ಬೆಳಿಗ್ಗೆ ಬಿಗಿತ ನಿನ್ನೆಗಿಂತ ಹೆಚ್ಚಿದ್ದರೆ ಎಣಿಕೆ ಇಳಿಸಬೇಕು. ಮೈಯೆಲ್ಲ ಕೆರಳಿದ ವಾರ ಪೂರ್ತಿ ನಿಲ್ಲಿಸಬೇಕು. ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಒಮ್ಮೆ ಕಣ್ಣೆದುರು ಮಾಡಿ ತೋರಿಸಿಕೊಂಡು ಬಂದರೆ ಮನೆಯಲ್ಲಿ ತಪ್ಪುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಗಂಟು ಬಿಡಿಸದೆ ಉಳಿಯುತ್ತದೆ. ಕುಯ್ಲಿನ ಕೂಲಿ ಕೆಜಿ ಲೆಕ್ಕದ್ದು. ನಿಂತು ಸುಧಾರಿಸಿಕೊಂಡಷ್ಟೂ ಹೊತ್ತು ಹಣ ಹೋಯಿತು. ದೊಡ್ಡ ಎಸ್ಟೇಟುಗಳು ಕಾರ್ಮಿಕರಿಗೆ ವೈದ್ಯಕೀಯ ಸೌಲಭ್ಯ ಕೊಡಬೇಕೆಂದು 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯೇ ಹೇಳಿತ್ತು. ಆದರೆ ನಮ್ಮ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವು, ಅಂಥ ಕಾಯ್ದೆಗಳ ಹೊರಗಿನವು. ಅಲ್ಲಿ ಹೆಂಗಸಿನ ಹಿಮ್ಮಡಿ ಉಳಿಯುವುದು ತೋಟದವರ, ರೈಟರ್‌ಗಳ, ಮೇಸ್ತ್ರಿಗಳ ವಿವೇಚನೆಯ ಮೇಲೆ. ಕಡಿದಾದ ಸಾಲಿನ ಬದಲು ಕಣದ ಹತ್ತಿರದ ಸಾಲು, ಕೆರಳಿದ ವಾರ ಕಣದಲ್ಲೋ ನರ್ಸರಿಯಲ್ಲೋ ಕೂತು ಮಾಡುವ ಕೆಲಸ, ಚೀಲ ಹೊರಲು ಇನ್ನೊಬ್ಬರ ಹೆಗಲು. ಇವಕ್ಕೆ ತೋಟದವರಿಗೆ ತಗಲುವ ಖರ್ಚು ಹೆಚ್ಚೇನಿಲ್ಲ. ಕಾಫಿಗೆ ಒಳ್ಳೆಯ ಧಾರಣೆ ಬಂದ ವರ್ಷಗಳಲ್ಲಾದರೂ ಇದನ್ನು ಕೇಳುವ ಹಕ್ಕು ಕುಯ್ಯುವವರಿಗಿದೆ ಎಂದು ನಾನು ನಂಬುತ್ತೇನೆ.

ಕಾಫಿಯ ವರ್ಷಚಕ್ರವನ್ನೇ ಚಿಕಿತ್ಸೆಗೂ ಹೊಂದಿಸಿಕೊಳ್ಳಬಹುದು. ಕುಯ್ಲು ಮುಗಿದು ಹೂಮಳೆ ಬೀಳುವ ಹೊತ್ತಿಗೆ ಕೀಲುತಜ್ಞರನ್ನು ಕಂಡು, ಹಿಮ್ಮಡಿ ತೋರಿಸಿ, ಔಷಧ ಸರಿಮಾಡಿಕೊಂಡರೆ ಮೇ ಕೊನೆಗೆ ಅದರ ಫಲ ಕಾಣುತ್ತದೆ. ಆಗ ಮಳೆಗಾಲದ ಮಾತ್ರೆ ತಂದಿಟ್ಟುಕೊಳ್ಳುವುದು. ಜೂನಿನಿಂದ ಆಗಸ್ಟ್‌ವರೆಗೆ, ಮಳೆ ಜಡಿದು ತೋಟದ ಕೆಲಸ ತಗ್ಗಿದಾಗ, ಜಗುಲಿಯ ಮೇಲೆ ಹನ್ನೆರಡು ವಾರದ ವ್ಯಾಯಾಮ. ನವೆಂಬರಿನಲ್ಲಿ ಅರೇಬಿಕಾ ಕೆಂಪಾದಾಗ ಮೊದಲ ವಾರ ಇಳಿಜಾರು ಕಡಿಮೆಯಿರುವ ಸಾಲುಗಳಲ್ಲೇ ಕುಯ್ದು, ಬೆಳಿಗ್ಗೆ ಎದ್ದಾಗ ಹಿಮ್ಮಡಿ ಹೇಗಿದೆ ಎಂದು ನೋಡಿಕೊಂಡು, ಸುಮ್ಮನಿದ್ದರೆ ಮೇಲಿನ ಸಾಲಿಗೆ ಹೋಗುವುದು.